ಇಪ್ಪತ್ತು ಅಡಿ, ನಲವತ್ತಲ್ಲ

ಸದ್ಯ, ನನ್ನ ತಮ್ಮ ಬದುಕಿದ್ದಾನೆ. ಮೊದಲು ಅದನ್ನ ಹೇಳಿಬಿಡ್ತೀನಿ, ಆಮೇಲೆ ನನ್ನ ಮಾನ ಹೋದ ಕಥೆ ಕೇಳಿ.

ಸಿನಿಮಾದಲ್ಲಿ ನಾಯಕನ ಬದಲು ಮೇಲಿಂದ ಬೀಳೋದು ಅವನ ಕೆಲಸ. ಎಲ್ಲರೂ ಅವನನ್ನ ಕಪ್ಪೆ ಅಂತಾರೆ. ಅವನು ಬೀಳೋ ಜಾಗದಲ್ಲಿ ಗಾಳಿ ಹಾಸಿಗೆ ಹಾಸೋದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ಕಾಲೂ ಉಳುಕಿಲ್ಲ. ಅದಕ್ಕೇ ನನಗೆ ಒಂಚೂರು ಕೊಬ್ಬು. ಮರಳಿನ ಮೂಟೆ ಬೀಳಿಸಿ ನೋಡೋದೆಲ್ಲ ಹೊಸಬರಿಗೆ ಅಂತ ಬಿಟ್ಟೇಬಿಟ್ಟಿದ್ದೆ.

ಕಪ್ಪೆ ಮೇಲಕ್ಕೆ ನೆಗೆಯಲ್ಲ, ಅಂಚು ದಾಟಿ ನೆಟ್ಟಗೆ ಓಡ್ತಾನೆ ಅಷ್ಟೆ. ಹದಿನಾರು ಅಡಿ ಗೋಡೆಯಿಂದ ಓಡಿದ್ರೆ ಹತ್ತು ಅಡಿ ಮುಂದೆ ಬೀಳ್ತಾನೆ. ಅದು ನನಗೆ ಬಾಯಿಪಾಠ. ಅವತ್ತು ನಿರ್ದೇಶಕರು ಅರವತ್ನಾಲ್ಕು ಅಡಿ ಕಟ್ಟಡ ತೋರಿಸಿದ್ರು. ಎತ್ತರ ನಾಲ್ಕು ಪಟ್ಟು, ಹಾಗಾದ್ರೆ ದೂರಾನೂ ನಾಲ್ಕು ಪಟ್ಟು. ನಲವತ್ತು ಅಡಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹದಿನೈದಡಿ ಉದ್ದದ ಹಾಸಿಗೆಯ ನಡುಮಧ್ಯ ಅದರ ಮೇಲೆ ಬರೋ ಹಾಗೆ ಹಾಸಿ ಕೈ ಕೊಡವಿಕೊಂಡೆ.

ಅಷ್ಟರಲ್ಲಿ ಕಪ್ಪೆಯ ಹೆಂಡತಿ, ನನ್ನ ನಾದಿನಿ, ಬಂದ್ಲು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡ್ತಾಳೆ. ಗೆರೆ ನೋಡಿದ್ಲು, ಕಟ್ಟಡ ನೋಡಿದ್ಲು, ಮುಖ ಬಿಳಿಚಿಕೊಂಡ್ತು.

"ಭಾವ, ಇದು ತಪ್ಪು. ಇಪ್ಪತ್ತು ಅಡಿಗೆ ಹಾಕಿ."

"ನೋಡಮ್ಮ, ನೀನು ಮಕ್ಕಳಿಗೆ ಪಾಠ ಮಾಡು. ನನಗೆ ಬೇಡ."

ಅವಳು ಜಗ್ಗಲಿಲ್ಲ. ಮೇಜಿನ ಅಂಚಲ್ಲಿ ಎರಡು ನಟ್ಟು ಇಟ್ಲು. ಒಂದನ್ನ ಸುಮ್ನೆ ಕೆಳಗೆ ಬಿಟ್ಲು, ಅದೇ ಹೊತ್ತಿಗೆ ಇನ್ನೊಂದನ್ನ ಬೆರಳಲ್ಲಿ ಮುಂದಕ್ಕೆ ಚಿಮ್ಮಿದ್ಲು. ದೂರ ಹೋಗಿದ್ದು ತಡವಾಗಿ ಬೀಳಬೇಕಲ್ವಾ? ಎರಡೂ ಒಟ್ಟಿಗೇ ಟಕ್ ಅಂದ್ವು. ನಾನೇ ಮೂರು ಸಲ ಮಾಡಿ ನೋಡಿದೆ. ಅದೇ ಟಕ್.

"ಮುಂದಕ್ಕೆ ಹೋಗೋದು ಬೇರೆ, ಕೆಳಗೆ ಬೀಳೋದು ಬೇರೆ ಭಾವ. ಮುಂದಕ್ಕೆ ಹೋಗೋ ವೇಗ ಇದ್ದಷ್ಟೇ ಇರುತ್ತೆ. ಬೀಳೋ ವೇಗ ಏರ್ತಾನೇ ಹೋಗುತ್ತೆ. ಮೊದಲ ಹದಿನಾರು ಅಡಿಗೆ ಒಂದು ಸೆಕೆಂಡು, ಉಳಿದ ನಲವತ್ತೆಂಟಕ್ಕೂ ಒಂದೇ ಸೆಕೆಂಡು. ಒಟ್ಟು ಎರಡು. ಸೆಕೆಂಡಿಗೆ ಹತ್ತರ ಹಾಗೆ ಎಷ್ಟಾಯ್ತು?"

ಇಪ್ಪತ್ತು. ಮರಳಿನ ಮೂಟೆ ತರೋಕೆ ಹುಡುಗರನ್ನ ಓಡಿಸಿದೆ.

ನಿರ್ದೇಶಕರು ಬೆಳಕು ಹೋಗುತ್ತೆ ಅಂತ ಕೂಗಾಡಿದ್ರು. ಹೋದ್ರೆ ಹೋಗ್ಲಿ ಸ್ವಾಮಿ ಅಂತ ನಾನೂ ಕೂಗಿದೆ. ಕಪ್ಪೆ ತೂಕದ ಮರಳಿನ ಮೂಟೆಯನ್ನ ತಳ್ಳುಗಾಡಿಯಲ್ಲಿಟ್ಟು, ಅವನು ಓಡೋ ವೇಗದಲ್ಲೇ ಮೇಲಿಂದ ತಳ್ಳಿಸಿದೆ. ಗಾಡಿ ಅಂಚಲ್ಲಿ ತಡೆದು ನಿಂತುಕೊಂಡ್ತು, ಮೂಟೆ ಹಾರ್ತು. ಧೊಪ್ಪಂತ ಬರೀ ಸಿಮೆಂಟಿನ ಮೇಲೆ ಬಿದ್ದು ಒಡೆದುಹೋಯ್ತು. ಟೇಪು ಹಿಡಿದೆ. ಹತ್ತೊಂಬತ್ತೂವರೆ ಅಡಿ. ನನ್ನ ಹಾಸಿಗೆ ಅಲ್ಲಿಂದ ಇನ್ನೂ ಹದಿಮೂರು ಅಡಿ ಆಚೆ ಆರಾಮಾಗಿ ಮಲಗಿತ್ತು.

ನಾದಿನಿ ಹಾಸಿಗೆಯ ಒಂದು ಮೂಲೆ ಹಿಡಿದ್ಲು. ಆರು ಜನ ಸೇರಿ ಎಳೆದು ಇಪ್ಪತ್ತಕ್ಕೆ ತಂದ್ವಿ.

ಕಪ್ಪೆ ಓಡಿಬಂದ, ಅಂಚು ದಾಟಿದ. ಎರಡು ಸೆಕೆಂಡು ಅಂದ್ರೆ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯ್ತು ನನಗೆ. ಹಾಸಿಗೆಯ ನಟ್ಟನಡುವೆ ಬಿದ್ದ. ಅಬ್ಬಾ! ಎದೆ ಮೇಲಿನ ಬಂಡೆ ಇಳಿದ ಹಾಗಾಯ್ತು. ನಾದಿನಿ ಅಲ್ಲೇ ನೆಲದ ಮೇಲೆ ಕೂತು ನಗೋಕೆ ಶುರು ಮಾಡಿದ್ಲು.

ಓಡಿಹೋಗಿ ಅವನ ಕಾಲರ್ ಹಿಡಿದೆ. "ಮುಂಡೇದೆ, ಇನ್ಮೇಲೆ ಹಾರೋ ಮುಂಚೆ ಕೆಳಗೆ ನೋಡೋ! ನನ್ನ ನಂಬಬೇಡ. ನಿನ್ನ ಸಾಯಿಸಿಬಿಡ್ತಿದ್ದೆ ಕಣೋ ನಾನು!"

"ನೋಡಿದ್ನಲ್ಲಣ್ಣ. ಮೂಟೆ ಬೀಳಿಸುವಾಗ ನಾನು ಬಟ್ಟೆ ಬದಲಾಯಿಸ್ತಿದ್ದೆ. ಮೇಲೆ ಬಂದು ನೋಡಿದ್ರೆ ಹಾಸಿಗೆ ಇಷ್ಟು ಹತ್ತಿರ! ಅಣ್ಣನಿಗೆ ತಲೆ ಕೆಟ್ಟಿದೆ, ಇವತ್ತು ನಾನು ಹೋದೆ ಅಂತಲೇ ಅಂದ್ಕೊಂಡೆ."

"ಮತ್ತೆ ಯಾಕೋ ಹಾರಿದೆ?"

"ಹಾಸಿದ್ದು ನೀನಲ್ವಾ?"

ಅಷ್ಟು ಜನರ ಮುಂದೆ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.