ಏಳದ ಗುಳ್ಳೆ

ಕಡಲೆಬೀಜ ತಿಂದರೆ ಮೊಮ್ಮಗಳ ತುಟಿ ಊದುತ್ತದೆ ಎಂದು ಸೊಸೆ ಹೇಳಿದರೆ ಅತ್ತೆ ಮೂಗು ಮುರಿಯುತ್ತಿದ್ದರು. ಎರಡು ಸಲ ಮಗುವಿಗೆ ಉಸಿರು ಕಟ್ಟಿದಾಗಲೂ ಅವರ ಪ್ರಕಾರ ಅದು ಬರೀ ನೆಗಡಿ. ಸೊಸೆಗೆ ತಲೆ ಕೆಟ್ಟಿದೆಯೆಂದು ಮನೆಗೆ ಬಂದವರೆದುರೆಲ್ಲ ಆಡಿಕೊಂಡರು. ಸೊಸೆ ಹಲ್ಲು ಕಚ್ಚಿ ಸಹಿಸಿದಳು. ಅವಳ ಗಂಡನೋ, ಎರಡೂ ಕಡೆ ತಲೆಯಾಡಿಸಿ ಬದುಕುವ ಜಾಣ. ಕೊನೆಗೊಂದು ದಿನ ಅವನೇ ತೀರ್ಪು ಕೊಟ್ಟ.

"ಪರೀಕ್ಷೆ ಮಾಡಿಸೋಣ. ಏನೂ ಇಲ್ಲ ಅಂದ್ರೆ, ಅಡುಗೆಮನೆ ಅಮ್ಮ ಹೇಳಿದ ಹಾಗೆ ನಡೀಲಿ."

ಅಂದರೆ ಮತ್ತೆ ಪ್ರತಿ ಪಾತ್ರೆಯಲ್ಲೂ ಸೌಟಿನಲ್ಲೂ ಕಡಲೆಬೀಜ. ಪರೀಕ್ಷೆಗೆ ಮೊದಲು ಒಂದು ವಾರ ಅಲರ್ಜಿ ಸಿರಪ್ ಕೊಡಬಾರದು, ಕೊಟ್ಟರೆ ಚರ್ಮದ ಮೇಲೆ ಏನೂ ಕಾಣುವುದಿಲ್ಲ ಎಂದು ವೈದ್ಯೆ ಹೇಳಿದ್ದನ್ನು ಸೊಸೆ ಊಟದ ಹೊತ್ತಿನಲ್ಲಿ ಎಲ್ಲರ ಕಿವಿಗೂ ಹಾಕಿದಳು. ಹಾಕಬಾರದಿತ್ತು.

ಪರೀಕ್ಷೆಯ ದಿನ ಅತ್ತೆ ಕರೆಯದಿದ್ದರೂ ಹೊರಟು ನಿಂತರು. ವೈದ್ಯೆ ಮಗುವಿನ ಮುಂಗೈ ಮೇಲೆ ಪೆನ್ನಿನಿಂದ ಗುರುತು ಹಾಕಿ, ಒಂದೊಂದರ ಪಕ್ಕ ಕಡಲೆಬೀಜ ಮೊದಲಾದವುಗಳ ಸಾರದ ಒಂದೊಂದು ಹನಿ ಬಿಟ್ಟು, ಸೂಜಿಯಿಂದ ಮೆಲ್ಲಗೆ ಚುಚ್ಚಿದರು. ಅಲರ್ಜಿಯಿದ್ದರೆ ಚುಚ್ಚಿದಲ್ಲಿ ಗುಳ್ಳೆ ಏಳಬೇಕು; ಎಲ್ಲರೂ ಕಾದರು. ಒಂದು ಗುಳ್ಳೆಯೂ ಏಳಲಿಲ್ಲ.

"ನೋಡಿದ್ಯಾ? ಕಾಯಿಲೆ ಇರೋದು ಮಗುವಿಗಲ್ಲ, ನಿನ್ನ ತಲೆಗೆ," ಎಂದರು ಅತ್ತೆ.

ವೈದ್ಯೆ ಮಾತ್ರ ಕೊನೆಯ ಗುರುತನ್ನೇ ದಿಟ್ಟಿಸುತ್ತಿದ್ದರು. "ಈ ಹನಿ ಯಾವ ಆಹಾರದ್ದೂ ಅಲ್ಲ. ನನಗೆ ಚುಚ್ಚಿದ್ರೂ ನಿಮಗೆ ಚುಚ್ಚಿದ್ರೂ ಇದು ಊದಲೇಬೇಕು. ಪರೀಕ್ಷೆ ಸರಿಯಾಗಿದ್ಯಾ ಅಂತ ನೋಡೋಕೇ ಇದನ್ನ ಹಾಕೋದು. ಇದೂ ಊದಿಲ್ಲ. ಮಗುವಿಗೆ ಸಿರಪ್ ಕೊಟ್ಟೋರು ಯಾರು?"

"ಅಜ್ಜಿ," ಎಂದಿತು ಮಗು. "ಅಮ್ಮಂಗೆ ಹೇಳ್ಬೇಡ ಅಂದ್ರು."

"ಪಾಪ, ಸೀನ್ತಿತ್ತು..." ಅತ್ತೆ ತಡವರಿಸಿದರು.

"ಅಲರ್ಜಿನೇ ಇಲ್ಲ ಅಂತಿದ್ರಲ್ಲ ಅತ್ತೆ, ಇಲ್ಲದ್ದನ್ನ ಮುಚ್ಚೋಕೆ ಔಷಧಿ ಯಾಕೆ ಬೇಕಾಯ್ತು?" ಸೊಸೆ ಅತ್ತೆಯ ಕಡೆ ತಿರುಗಿದಳು. "ಇದೆ ಅಂತ ನಿಮಗೆ ಗೊತ್ತು. ಗೊತ್ತಿದ್ದೂ ಇವಳಿಗೆ ತಿನ್ನಿಸೋಕೆ ಹೊರಟಿದ್ರಿ. ನನ್ನ ಸೋಲಿಸಬೇಕು ಅಂತ."

ಗಂಡ ನಡುವೆ ಬಾಯಿ ಹಾಕಿದ. "ಹೋಗ್ಲಿ ಬಿಡೇ, ಅಮ್ಮ ಬೇಕಂತ ಮಾಡಿರಲ್ಲ..."

ಆ ಕ್ಷಣ ಅವಳಿಗೆ ಅತ್ತೆಗಿಂತ ಅವನನ್ನು ಕಂಡೇ ಹೇಸಿಗೆಯಾಯಿತು. ಮಗುವನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು.

"ಡಾಕ್ಟ್ರೇ, ಮುಂದಿನ ವಾರ ನಾವಿಬ್ರೇ ಬರ್ತೀವಿ. ಅಲ್ಲೀವರೆಗೆ ಇವಳ ಬಾಯಿಗೆ ಆ ಮನೆ ನೀರೂ ಬೀಳಲ್ಲ."