ತಲೆಗೂ ತಲೆದಿಂಬಿಗೂ ನಡುವೆ

ನಾನು ಹುಟ್ಟಿದಾಗ ನನ್ನ ಮೈಮೇಲೆ ಚಿನ್ನವಿತ್ತು. ಹೆಮ್ಮೆಪಡುವಷ್ಟೇನೂ ಅಲ್ಲ. ಬೆಳ್ಳಿಯ ತಗಡನ್ನು ಒತ್ತಿ, ಕಿರುಬೆರಳಿನ ಉಗುರಿನಷ್ಟು ಅಗಲದ ಬಟ್ಟಲು ಮಾಡಿ, ಅದಕ್ಕೆ ಚಿನ್ನದ ನೀರು ಕೊಟ್ಟು, ಬೆನ್ನಿಗೊಂದು ಉದ್ದನೆಯ ಹಸಿರು ವೈರು ಬೆಸೆದರು. ನನ್ನನ್ನು ಎಲೆಕ್ಟ್ರೋಡ್ ಎನ್ನುತ್ತಾರೆ. ನಿದ್ದೆಯ ತೊಂದರೆ ಇರುವವರನ್ನು ಮಲಗಿಸಿ ಪರೀಕ್ಷೆ ಮಾಡುವಾಗ ಅವರ ತಲೆಗೆ ನನ್ನನ್ನು ಅಂಟಿಸುತ್ತಾರೆ. ತಲೆಯೊಳಗೆ ಏಳುವ ಅಲೆಗಳನ್ನು ನಾನು ಮಷಿನ್ನಿಗೆ ಮುಟ್ಟಿಸುತ್ತೇನೆ, ಮಷಿನ್ನು ಗೀರೆಳೆಯುತ್ತದೆ. ಅಷ್ಟೇ ನನ್ನ ಕೆಲಸ.

ನನ್ನ ಜಾಗ ಹಿಂದಲೆ. ಹಾಗಾಗಿ ನಾನು ಯಾರ ಮುಖವನ್ನೂ ನೆಟ್ಟಗೆ ನೋಡಿದವನಲ್ಲ. ತಲೆಗೂ ತಲೆದಿಂಬಿಗೂ ನಡುವೆ ಒತ್ತಿಸಿಕೊಂಡು, ಕೆಳಗಿನಿಂದಲೇ ಮನುಷ್ಯರನ್ನು ಅರಿತವನು.

ಮೊದಲು ದೊಡ್ಡ ಆಸ್ಪತ್ರೆಯೊಂದರಲ್ಲಿದ್ದೆ. ಅಲ್ಲಿ ಹಲವು ತಲೆಗಳ ಕೆಳಗೆ ಮಲಗಿ ಒಂದು ಗುಟ್ಟು ಕಲಿತೆ. ಕಣ್ಣು ಮುಚ್ಚಿಕೊಂಡು ಎಚ್ಚರವಾಗಿರುವವರ ಹಿಂದಲೆಯಿಂದ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ, ಒಂದೇ ಸಮನೆ ಅಲೆ ಬರುತ್ತದೆ. ನಿದ್ದೆ ಹತ್ತಿದ ಕೂಡಲೇ ಆ ಹಲ್ಲುಗಳು ಉದುರಿಹೋಗುತ್ತವೆ. ಉಸಿರನ್ನು ನಿಧಾನ ಮಾಡಬಹುದು, ಕೈಕಾಲು ಸಡಿಲ ಬಿಡಬಹುದು, ಬಾಚಣಿಗೆಯನ್ನು ಮಾತ್ರ ಮುಚ್ಚಿಡಲಾಗುವುದಿಲ್ಲ.

ಚಿನ್ನ ಸವೆದು ಅಲ್ಲಲ್ಲಿ ಬೆಳ್ಳಿ ಇಣುಕಿದಾಗ ನನ್ನನ್ನು ಹುಬ್ಬಳ್ಳಿಯ ಒಂದು ತರಬೇತಿ ಕೇಂದ್ರಕ್ಕೆ ಕೊಟ್ಟರು. ನಿದ್ದೆ ಪರೀಕ್ಷೆಯ ಟೆಕ್ನಿಷಿಯನ್ ಆಗಬೇಕೆಂದು ಬಂದ ಹುಡುಗಿಯರ ಕೈಗೆ ಬಿದ್ದೆ. ಕಲಿಸುವವರು ಫರ್ಜಾನಾ ಮೇಡಂ. ಮಧ್ಯಾಹ್ನ ಕಿಟಕಿಗೆ ಪರದೆ ಎಳೆದು, ಒಬ್ಬರು ಮಲಗುವುದು, ಮತ್ತೊಬ್ಬರು ವೈರು ಅಂಟಿಸುವುದು. ಹೀಗೆ ಒಬ್ಬರ ಮೇಲೊಬ್ಬರು ಕಲಿಯುತ್ತಿದ್ದರು.

ಅವರಲ್ಲಿ ದಾಕ್ಷಾಯಣಿಯೇ ಹಿರಿಯಳು. ಮದುವೆಯಾಗಿ ಬಹಳ ವರ್ಷವಾದವಳು. ಮೊದಲ ದಿನ ನನ್ನನ್ನು ಅವಳ ತಲೆಗೆ ಅಂಟಿಸಲು ಹೋದ ಜೊತೆಯ ಹುಡುಗಿ ರಂಜಿತಾಳಿಗೆ ಸಾಕುಸಾಕಾಯಿತು. ಎಷ್ಟು ಪೇಸ್ಟು ಹಚ್ಚಿದರೂ ನಾನು ಜಾರಿ ಬೀಳುತ್ತಿದ್ದೆ.

"ಅಕ್ಕಾ, ಎಷ್ಟ ಎಣ್ಣಿ ಹಚ್ಚೀರಿ! ನಿಮ್ಮ ತಲಿ ಮ್ಯಾಲೆ ಬಜಿ ಕರೀಬಹುದು ನೋಡ್ರಿ."

"ಎಣ್ಣಿ ಇಲ್ಲದ ತಲಿ ಕಂಡ್ರ ನಮ್ಮ ಅತ್ತಿ ಹೊಸ್ತಿಲಾ ದಾಟಸೂದಿಲ್ಲವಾ," ಎಂದಳು ದಾಕ್ಷಾಯಣಿ. ಮರುದಿನದಿಂದ ಇಲ್ಲಿಗೆ ಬಂದು ಸೋಪಿನಲ್ಲಿ ತಲೆ ತೊಳೆದುಕೊಳ್ಳುವಳು, ಹೋಗುವ ಮುಂಚೆ ಮತ್ತೆ ಎಣ್ಣೆ ಹಚ್ಚಿಕೊಳ್ಳುವಳು.

ಅವಳ ಕೈ ಹಗುರ. ಕೂದಲು ಸೀಳಿ, ಗುರುತು ಹಾಕಿ, ನನ್ನನ್ನು ಒತ್ತಿದರೆ ಮಲಗಿದವರಿಗೆ ಗೊತ್ತಾಗುತ್ತಿರಲಿಲ್ಲ. ಒಮ್ಮೆ ರಂಜಿತಾ ಕೇಳಿದಳು, "ಈ ಕೆಲಸದಾಗ ರಾತ್ರಿ ಪಾಳಿನ ಜಾಸ್ತಿ ಅಂತ. ನಿಮಗ ಅಂಜಿಕಿ ಆಗೂದಿಲ್ಲೇನಕ್ಕಾ?"

"ನಂಗ ಅದ ಬೇಕಾಗೇತಿ," ಎಂದಳು ದಾಕ್ಷಾಯಣಿ. ನನ್ನ ವೈರಿನ ಸಿಕ್ಕು ಬಿಡಿಸುತ್ತ, ತನ್ನಷ್ಟಕ್ಕೆ ಹೇಳಿಕೊಂಡಳು: "ರಾತ್ರಿ ಒಂದು ನನ್ನ ಪಾಲಿಗೆ ಸಿಕ್ಕರ ಸಾಕು."

ಅವಳು ಹಾಗೇಕೆ ಅಂದಳೆಂದು ತಿಳಿದದ್ದು ಅವಳು ಮಲಗುವ ಸರದಿ ಬಂದಾಗ. ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಉಸಿರು ಆಳವಾಯಿತು, ತುಟಿ ತುಸು ತೆರೆಯಿತು, ಮಂಚದ ಅಂಚಿನಿಂದ ಕೈ ಜೋತುಬಿತ್ತು. "ಪಾಪ, ದಣಿದಾರ," ಎಂದು ಹುಡುಗಿಯರು ಪಿಸುಗುಟ್ಟಿದರು. ನನ್ನಲ್ಲಿ ಮಾತ್ರ ಬಾಚಣಿಗೆ ಓಡುತ್ತಲೇ ಇತ್ತು. ಒಂದು ಹಲ್ಲೂ ಉದುರಲಿಲ್ಲ.

ಫರ್ಜಾನಾ ಮೇಡಂ ಮಷಿನ್ನಿನ ಗೀರು ನೋಡಿ ನಕ್ಕುಬಿಟ್ಟರು. "ಏಳ್ರಿ ದಾಕ್ಷಾಯಣಿ! ನನ್ನ ಸರ್ವೀಸಿನಾಗ ಇಂಥಾ ನಾಟಕ ನೋಡಿಲ್ಲ. ಯಾರ ಕಲಿಸಿದ್ರು ನಿಮಗ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಅವಳ ಗದ್ದಕ್ಕೆ ಅಂಟಿಸಿದ್ದ ನನ್ನ ಜೊತೆಯವನು ಗೀರೆಳೆದು ತೋರಿಸಿದ: ನಗುವಾಗ ಅವಳ ಹಲ್ಲು ಕಚ್ಚಿಕೊಂಡಿದ್ದವು. ಗಂಡನ ಕೈ ಮೈಮೇಲೆ ಬರುವ ಮುಂಚೆಯೇ ನಿದ್ದೆಹೋದಂತೆ ಮಲಗುವುದನ್ನು ಹೆಂಗಸಿಗೆ ಯಾರೂ ಕಲಿಸಬೇಕಾಗಿಲ್ಲ.

ಆ ಗೀರುಗಳ ಹಾಳೆಯನ್ನು ಮೇಡಂ ಪಾಠಕ್ಕೆಂದು ಗೋಡೆಗೆ ಅಂಟಿಸಿದರು. ಹೆಸರು ಬರೆಯಲಿಲ್ಲ.

ಕೊನೆಯ ಪರೀಕ್ಷೆಗೆ ಪ್ರತಿಯೊಬ್ಬರೂ ಮನೆಯವರೊಬ್ಬರನ್ನು ಕರೆತಂದು ಮಲಗಿಸಬೇಕಿತ್ತು. ಸರಿಯಾಗಿ ವೈರು ಅಂಟಿಸಿ, ನಿದ್ದೆ ದಾಖಲಿಸಿದರೆ ಕೆಲಸ ಖಾತ್ರಿ. ದಾಕ್ಷಾಯಣಿಯ ಜೊತೆ ಅವಳ ಗಂಡ ಗುರುಸಿದ್ಧಪ್ಪ ಬಂದ. ಬೇರೆ ಯಾರನ್ನಾದರೂ ಕರೆತರಲು ಅವನೇ ಬಿಡಲಿಲ್ಲವಂತೆ.

"ಇಕಿ ಏನ್ ರಾತ್ರಿ ಪಾಳಿ ಮಾಡ್ತಾಳ್ರಿ ಮೇಡಂ?" ಎಂದು ಮಂಚದ ಮೇಲೆ ಕೂತು ನಗೆಯಾಡಿದ. "ದಿಂಬಿಗೆ ತಲಿ ಹಚ್ಚೂದ ತಡ, ಸತ್ತಂಗ ಮಲಗತಾಳ. ಕರದ್ರ ಕೇಳಸೂದಿಲ್ಲ, ಅಲುಗಿಸಿದ್ರ ಏಳೂದಿಲ್ಲ. ಹೋಗ್ಲಿ ಬಿಡ್ರಿ, ಇಲ್ಲೆರೆ ಎಚ್ಚರ ಇರಲಿ."

ನನ್ನನ್ನು ಅವನ ಹಿಂದಲೆಗೆ ಅಂಟಿಸುವಾಗ ದಾಕ್ಷಾಯಣಿಯ ಬೆರಳು ತಣ್ಣಗಿತ್ತು. ಎಲ್ಲ ಮುಗಿಸಿ, ಮಷಿನ್ನಿನ ಮುಂದೆ ಕೂರಲು ಪಕ್ಕದ ಕೋಣೆಗೆ ಹೋದಳು. ರಂಜಿತಾ ಕಿಟಕಿಯ ಪರದೆ ಎಳೆಯಲು ಬಂದಳು.

"ಗ್ವಾಡಿ ಮ್ಯಾಲೆ ಅದೇನವಾ, ಗೀರು?" ಎಂದ ಗುರುಸಿದ್ಧಪ್ಪ, ಹೊತ್ತು ಹೋಗದೆ.

ಆ ಹುಡುಗಿಗೆ ಹೆಮ್ಮೆ. "ಅದು ನಮ್ಮ ದಾಕ್ಷಾಯಣಿ ಅಕ್ಕಾರದ ರೀ! ಕಣ್ಣ ಮುಚ್ಚಿ, ಥೇಟ್ ನಿದ್ದಿ ಹತ್ತಿದಂಗ ಮಲಗಿದ್ರು. ನಾವೆಲ್ಲಾ ನಂಬಿದ್ವಿ. ಆದ್ರ ಪೂರಾ ಎಚ್ಚರ ಇದ್ರು. ಮಷಿನ್ ಇರದಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ!"

ನನ್ನ ಮೇಲಿದ್ದ ತಲೆ ಒಮ್ಮೆಲೇ ಭಾರವಾಯಿತು.

ಪರೀಕ್ಷೆಯ ಮೊದಲು ಮಲಗಿದವರಿಂದ ಕೆಲವು ಕೆಲಸ ಮಾಡಿಸಿ ವೈರುಗಳನ್ನು ಸರಿನೋಡುವುದು ವಾಡಿಕೆ. ಸ್ಪೀಕರಿನಲ್ಲಿ ದಾಕ್ಷಾಯಣಿಯ ದನಿ ಬಂತು: "ಹಲ್ಲ ಕಚ್ಚರಿ." ಅವನು ಆಗಲೇ ಕಚ್ಚಿದ್ದ.

"ಈಗ ಕಣ್ಣ ಮುಚ್ಚರಿ."

ಅವನು ಮುಚ್ಚಲಿಲ್ಲ.

"ರೀ, ಕಣ್ಣ ಮುಚ್ಚರಿ."

"ಹೆಂಗ ಮುಚ್ಚಲಿ?" ಎಂದ ಅವನು, ಮೆಲ್ಲಗೆ. "ನಿನ್ನಂಗ ಮುಚ್ಚಲೇನು?"

ಆ ಮಧ್ಯಾಹ್ನವಿಡೀ ಅವನು ಮೇಲ್ಛಾವಣಿ ನೋಡುತ್ತ ಬಿದ್ದುಕೊಂಡ. ತೆರೆದ ಕಣ್ಣಿನ ತಲೆಯಿಂದ ಬಾಚಣಿಗೆಯೂ ಬರುವುದಿಲ್ಲ, ನಿದ್ದೆಯೂ ಬರುವುದಿಲ್ಲ. ದಾಕ್ಷಾಯಣಿ ಕೊನೆಯವರೆಗೂ ಮಷಿನ್ನಿನ ಮುಂದಿನಿಂದ ಏಳಲಿಲ್ಲ. ಆಮೇಲೆ ಬಂದು, ಒದ್ದೆ ಹತ್ತಿಯಿಂದ ಪೇಸ್ಟು ನೆನೆಸಿ, ಒಂದು ಕೂದಲೂ ಕೀಳದಂತೆ ನಮ್ಮನ್ನೆಲ್ಲ ಬಿಡಿಸಿದಳು.

"ಮನಿಗೆ ನಡಿ," ಎಂದ. ಅವಳು ಕೈ ತೊಳೆದು ಹೊರಟಳು. ಅಂದು ತಲೆಗೆ ಎಣ್ಣೆ ಹಚ್ಚಿಕೊಳ್ಳಲಿಲ್ಲ.

ಗಂಡ ನಿದ್ದೆ ಮಾಡದಿದ್ದರೂ ಅವಳ ಕೆಲಸದಲ್ಲಿ ತಪ್ಪಿಲ್ಲವೆಂದು ಮೇಡಂ ಪಾಸು ಮಾಡಿದರು. ಆಸ್ಪತ್ರೆಯಲ್ಲಿ ಜಾಗವೂ ಕಾದಿತ್ತು. ಅವಳು ಬರಲಿಲ್ಲ. ಮೇಡಂ ಫೋನ್ ಮಾಡಿದಾಗ ಗುರುಸಿದ್ಧಪ್ಪ ಎತ್ತಿದ. ಅವನ ಮಾತು ನನಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು: "ಆಕಿಗೆ ರಾತ್ರಿ ನಿದ್ದಿಗೆಡೂದು ಆಗಿಬರೂದಿಲ್ರಿ."

ಫೋನಿಟ್ಟು ಮೇಡಂ ಗೋಡೆಯ ಹತ್ತಿರ ಹೋದರು. ದಾಕ್ಷಾಯಣಿಯ ಗೀರುಗಳ ಹಾಳೆಯನ್ನು ಕಿತ್ತು ಮಡಚಿಟ್ಟರು. "ಯಾಕ್ರಿ ಮೇಡಂ, ಚೊಲೋ ಇತ್ತಲ್ಲ?" ಎಂದಳು ರಂಜಿತಾ. ಅವಳಿಗೆ ಇನ್ನೂ ಮದುವೆಯಾಗಿರಲಿಲ್ಲ.

ಈಗ ನನ್ನ ಮೇಲೆ ಚಿನ್ನದ ಗುರುತೂ ಇಲ್ಲ. ಅಲೆ ಹಿಡಿಯುವ ಶಕ್ತಿ ಹೋಗಿದೆ. ಅಂಟಿಸುವುದನ್ನಷ್ಟೇ ಕಲಿಸಲು ನನ್ನನ್ನು ಒಂದು ಪ್ಲಾಸ್ಟಿಕ್ ತಲೆಗೆ ಹಚ್ಚಿಟ್ಟಿದ್ದಾರೆ. ಅದರೊಳಗೆ ಏನೂ ಇಲ್ಲ, ಹಾಗಾಗಿ ನಾನು ಹೇಳಬೇಕಾದ್ದೂ ಏನೂ ಇಲ್ಲ. ಬಿಡುವು ಸಿಕ್ಕಾಗೆಲ್ಲ ಯೋಚಿಸುತ್ತೇನೆ. ನಾನು ಸುಳ್ಳು ಹೇಳಲಿಲ್ಲ, ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಆ ಮನೆಯಲ್ಲಿ ದಾಕ್ಷಾಯಣಿಗೆ ಇದ್ದ ಒಂದೇ ಕದ ಅವಳ ಕಣ್ಣಿನ ರೆಪ್ಪೆ. ಅದನ್ನು ಹಾಕಿಕೊಂಡರೆ ಇನ್ನು ಅವನು ನಂಬುವುದಿಲ್ಲ. ದಣಿದು ದಣಿದು, ನಿಜವಾಗಿಯೇ ನಿದ್ದೆ ಹತ್ತಿದ ದಿನವೂ ಅವನು ಅವಳನ್ನು ಅಲುಗಿಸುತ್ತಾನೆ.