ತಂಗೆವ್ವನ ಹೆಸರು ನನ್ನಲ್ಲಿ ಉಳಿದ ದಿನ

ನಾನು ಪುಟ್ಟ ಮನೆಗಳ ಒಂದು ಸಾಲು. ನೂರಿಪ್ಪತ್ತೆಂಟು ಮನೆ, ಒಂದರಲ್ಲೂ ನನ್ನವರೆನ್ನುವವರಿಲ್ಲ. ಹೆರಿಗೆ ವಾರ್ಡಿನಲ್ಲಿ ಹಸುಗೂಸುಗಳ ಕೈಪಟ್ಟಿ ಮುದ್ರಿಸುವ ಯಂತ್ರವೊಂದಿತ್ತು. ಅದರ ನೆನಪಿನ ಮೂಲೆಯಲ್ಲಿ ನನ್ನ ವಾಸ. ಗದಗಿನಲ್ಲಿ ಅಂಗಡಿ ಇಟ್ಟಿದ್ದ ಇರ್ಫಾನ್ ಅದಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದ. ಅದರ ಒಂದು ಸಾಲಿನಲ್ಲಿ, ಅಕ್ಷರಗಳಿಗೆಂದು ನನ್ನನ್ನು ಕಾದಿರಿಸಿದ. ಅದೇ ನನ್ನ ಹುಟ್ಟು.

ಪದ ಕೂಡಿಸುವುದು ನನ್ನ ಕೆಲಸ. ಮೊದಲು 'ತಾಯಿ' ಎಂಬ ಪದ ಬಂದು ಕೂರುತ್ತದೆ. ಅದರ ಹಿಂದೆ ಒಂದು ಸೊನ್ನೆ. ಅದು ಕಾಗದದ ಮೇಲೆ ಕಾಣುವುದಿಲ್ಲ. ಇಲ್ಲಿಗೆ ಮುಗಿಯಿತು ಎಂದು ಹೇಳುವುದಷ್ಟೇ ಅದರ ಪಾಲು. ಹೆಸರು ಬಂದಾಗ ಆ ಸೊನ್ನೆಯನ್ನು ಹುಡುಕಿ, ಅದರ ಜಾಗದಿಂದಲೇ ಹೆಸರನ್ನು ಕೂರಿಸುತ್ತಾರೆ. ಹೊಸ ಸೊನ್ನೆ ಹೆಸರಿನ ಕೊನೆಗೆ ಹೋಗುತ್ತದೆ. ಪಟ್ಟಿ ಮುದ್ರಣವಾದ ಕೂಡಲೇ ನನ್ನ ಮೊದಲ ಮನೆಗೇ ಸೊನ್ನೆ ಬಂದು ಬೀಳುತ್ತದೆ. ಅಲ್ಲಿಗೆ ನಾನು ಮತ್ತೆ ಖಾಲಿ.

ನನಗೆ ಕಣ್ಣಿಲ್ಲ. ವಾರ್ಡಿನ ಮಾತು ಕೇಳುತ್ತಿತ್ತು. ನೀಲವ್ವ ಸಿಸ್ಟರಿಗೆ ಒಂದು ರೂಢಿ. ಹೆರಿಗೆ ಹತ್ತಿರವಾದಾಗಲೇ ತಾಯಿಯ ಹೆಸರು ಒತ್ತಿಡುತ್ತಿದ್ದರು. ಕೂಸು ಅತ್ತ ಮೇಲೆ ಮುದ್ರಣದ ಗುಂಡಿ. ಹೆಸರಿಗೂ ಅಳುವಿಗೂ ನಡುವಿನ ಅಷ್ಟು ಹೊತ್ತು ಆ ತಾಯಿ ನನ್ನ ಬಳಿ ಇರುತ್ತಿದ್ದಳು. ಆಮೇಲೆ ಯಾರೂ ತಿರುಗಿ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ತಂಗೆವ್ವನ ಹೆಸರು ಬಂತು. ಕಾದೆ. ಯಾರೋ ಬಿರುಸಾಗಿ ನಡೆದರು, ಬಾಗಿಲು ತೆರೆಯಿತು, ಮುಚ್ಚಿತು. ಕೂಸಿನ ಅಳು ಬರಲಿಲ್ಲ. ಗುಂಡಿ ಒತ್ತುವ ನೆನಪು ಯಾರಿಗೂ ಆಗಲಿಲ್ಲ. ಒತ್ತುವ ಕಾರಣವೂ ಇರಲಿಲ್ಲ. ಮುದ್ರಣವಾಗದೆ ನನ್ನನ್ನು ಖಾಲಿ ಮಾಡುವವರಿಲ್ಲ. ಹಾಗಾಗಿ ಆ ಹೆಸರು ಹಗಲಿಡೀ ನನ್ನಲ್ಲೇ ಉಳಿಯಿತು. ಯಂತ್ರದ ಪಕ್ಕದ ಹಾಸಿಗೆಯಲ್ಲಿದ್ದ ತಂಗೆವ್ವನೂ ಅಳುತ್ತಿರಲಿಲ್ಲ.

ಸಂಜೆ ಶಾಂತವ್ವನ ಹೆಸರು ಬಂತು, ತಂಗೆವ್ವನ ಹಿಂದಿದ್ದ ಸೊನ್ನೆಯ ಜಾಗದಿಂದಲೇ ಕೂತಿತು. ಕೂಸು ಜೋರಾಗಿ ಅತ್ತಿತು. ಗುಂಡಿ ಒತ್ತಿದರು. ಪಟ್ಟಿ ನೋಡಿ ಶಾಂತವ್ವನ ಅತ್ತೆ ನಗತೊಡಗಿದಳು.

"ತಾಯಿ ತಂಗೆವ್ವ ತಾಯಿ ಶಾಂತವ್ವ! ಯವ್ವಾ, ನನ್ನ ಮಗ ನನಗ ಹೇಳದಂಗ ಇನ್ನೊಂದು ಮದವಿ ಆಗ್ಯಾನೇನ?"

ಪಕ್ಕದ ಹಾಸಿಗೆಯಿಂದ ತಂಗೆವ್ವ ಕೇಳಿದಳು: "ಸಿಸ್ಟರ್, ಅದು ನನ್ನ ಹೆಸರೇನ್ರಿ?"

"ಹೌದವ್ವಾ. ಮಷೀನಿನ ತಪ್ಪು. ಹರದು ಒಗೀತೀನಿ."

"ಒಗೀಬ್ಯಾಡ್ರಿ. ನನಗ ತಾಯಿ ಅಂತ ಬ್ಯಾರೆ ಎಲ್ಲೂ ಬರದಿಲ್ಲ. ಅದನ್ನ ನನಗ ಕೊಡ್ರಿ."

"ಹಂಗ ಕೊಡಾಕ ಬರೂದಿಲ್ಲವ್ವಾ. ಅತ್ತ ಕೂಸಿಗೆ ಅಷ್ಟ ಪಟ್ಟಿ."

ಅತ್ತೆಯ ನಗು ನಿಂತಿತ್ತು.

"ಕೊಡ್ರಿ ಸಿಸ್ಟರ್," ಎಂದಳು ಅತ್ತೆ. "ನಮ್ಮ ಕೂಸಿನ ಪಟ್ಟಿ ಹೌದಲ್ಲ? ಅರ್ಧಾ ಆಕೀದು. ನಮಗ ಹೊಸಾದು ತಗೀರಿ."

ಕತ್ತರಿ ಇರುವ ಟ್ರೇಯ ಸದ್ದಾಯಿತು.

"ಹಾಂ, ಅಲ್ಲೇ," ಎಂದಳು ಅತ್ತೆ. "ಆಕಿ ಹೆಸರಿಗೆ ತಾಗಿಸಬ್ಯಾಡ್ರಿ."

ನಾನು ಕೂಡಿಸಿದ್ದನ್ನು ನೀಲವ್ವ ಸಿಸ್ಟರ್ ಕೂಡಿದ ಜಾಗದಲ್ಲೇ ಕತ್ತರಿಸಿ ಬಿಡಿಸಿದರು. ಆಗ ಪಕ್ಕದ ಹಾಸಿಗೆಯಿಂದ ಅಳು ಕೇಳಿತು. ಬೆಳಗಿನಿಂದ ನಾನು ಕಾದಿದ್ದ ಅಳು ಅದಲ್ಲ, ಆದರೂ ಕೇಳಿದೆ.

ಮರುದಿನ ಇರ್ಫಾನ್ ಬಂದ. "ಸೊನ್ನೀ ಮೊದಲ ಇಡಬೇಕಿತ್ರಿ, ನಾ ಕಡೀಗೆ ಇಟ್ಟಿದ್ದೆ," ಎಂದು ಸರಿಪಡಿಸಿದ. ಆಮೇಲೆ ಹೆಸರು ಬರುವ ಮುನ್ನವೇ ನನ್ನನ್ನು ಖಾಲಿ ಮಾಡಲಾಗುತ್ತಿತ್ತು. ಯಾರ ಹೆಸರೂ ಇನ್ನೊಬ್ಬರಿಗೆ ತಾಗಲಿಲ್ಲ. ಅದೇ ಸರಿ, ನನಗೆ ಗೊತ್ತು.

ಈಗ ಹೊಸ ಯಂತ್ರ ಬಂದಿದೆ. ನಾನು ಆಸ್ಪತ್ರೆಯ ಉಗ್ರಾಣದಲ್ಲಿ, ಮುರಿದ ತೂಕದ ತಕ್ಕಡಿಯ ಪಕ್ಕ ಇದ್ದೇನೆ. ವಿದ್ಯುತ್ತು ಹೋದ ದಿನವೇ ಮನೆಗಳೆಲ್ಲ ಬರಿದಾದವು. ಎಷ್ಟೋ ತಾಯಂದಿರು ನನ್ನ ಮೂಲಕ ಹಾದುಹೋದರು, ಕೂಸು ಅಳುವವರೆಗೆ ಮಾತ್ರ. ಒಂದು ಹಗಲು ಪೂರ್ತಿ ನನ್ನೊಡನೆ ಇದ್ದವಳು ತಂಗೆವ್ವ ಒಬ್ಬಳೇ. ಅವಳ ಹೆಸರು ಈಗ ನನ್ನಲ್ಲಿಲ್ಲ. ಎಲ್ಲೋ ಒಂದು ಸೀರೆಯ ಮಡಿಕೆಯಲ್ಲಿ, ಅರ್ಧ ಪಟ್ಟಿಯ ಮೇಲೆ, ಇದೆ.